ಜೂನ್ ಒಂದಕ್ಕೆ ಹುಟ್ಟಿದ ಶರಣಪ್ಪರು

ನಮ್ಮ ಕಡೆಯ ತಾಯಂದಿರೆಲ್ಲ ಜೂನ್ ತಿಂಗಳ ಒಂದನೆಯ ತಾರೀಖಿಗೇ ಹೆರುತ್ತಾರೆ. ನಂಬಿಕೆಯಾಗದಿದ್ದರೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಯಾವ ಹಳ್ಳಿಯ ಮಾಸ್ತರರನ್ನಾದರೂ ಹಿಡಿದು ನಿಮ್ಮ ಹುಟ್ಟಿದ ದಿನ ಯಾವುದು ಎಂದು ಕೇಳಿ. ಸುಗ್ಗಿಯಲ್ಲಿ ಹುಟ್ಟಿದವರು, ಶ್ರಾವಣದಲ್ಲಿ ಹುಟ್ಟಿದವರು, ತೊಗರಿ ಹೊಲದ ಬದುವಿನ ಮೇಲೆ ಹುಟ್ಟಿದವರು, ಎಲ್ಲರೂ ಜೂನ್ ಒಂದು. ನೆತ್ತಿ ಸುಡುವ ಆ ಒಂದೇ ದಿನವನ್ನು ನಮ್ಮ ಹೆಣ್ಣುಮಕ್ಕಳೆಲ್ಲ ಮಾತಾಡಿಕೊಂಡು ಆರಿಸಿದರೋ ಏನೋ ಎಂದು ಹೊರಗಿನವರು ಬೆರಗಾಗಬಹುದು. ಬೆರಗೇನೂ ಬೇಡ. ಶಾಲೆ ಶುರುವಾಗುವ ಹೊತ್ತಿಗೆ ಮಗನ ಕೈ ಹಿಡಿದುಕೊಂಡು ಅಪ್ಪ ಬರುತ್ತಾನೆ. ಮಾಸ್ತರರು 'ಎಂದು ಹುಟ್ಟಿದ?' ಎನ್ನುತ್ತಾರೆ. ಅಪ್ಪ ಆಕಾಶ ನೋಡುತ್ತಾನೆ. ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಾರೆ. ಮುಟ್ಟಿದರೆ ವಯಸ್ಸಾಯಿತು ಎಂದರ್ಥ. ಲೆಕ್ಕಕ್ಕೆ ಸಲೀಸಾಗಲಿ ಎಂದು ಜೂನ್ ಒಂದು ಎಂದು ಗೀಚಿ 'ನಡಿ, ಒಳಗ ಕೂಡು' ಎನ್ನುತ್ತಾರೆ. ಹುಡುಗ ಒಳಗೆ ಕೂರುತ್ತಾನೆ, ಆ ತಾರೀಖು ಮಾತ್ರ ಅವನ ಬೆನ್ನಿಗೆ ಬಿದ್ದು ಪಿಂಚಣಿಯ ತನಕ ಬರುತ್ತದೆ. ಒಂದು ಮಗುವಿನ ಹುಟ್ಟಿದ ದಿನವನ್ನು ಕೇಳಿ ತಿಳಿದು ಬರೆಯುವಷ್ಟು ಪುರುಸೊತ್ತು ಇಲ್ಲದ ಆ ಸೋಮಾರಿಗಳ ಬಗ್ಗೆ ನನಗೆ ಒಂದು ಚೂರೂ ಗೌರವವಿಲ್ಲ. ನಾನೂ ಮಾಸ್ತರನೇ, ಆದರೂ ಹೇಳುತ್ತೇನೆ.

ತಾರೀಖಿನದು ಮಾಸ್ತರರ ತಪ್ಪಾದರೆ ಹೆಸರಿನದು ಮನೆಯವರ ತಪ್ಪು. ಹಿರಿಯ ಮಗನಿಗೆ ಅಜ್ಜನ ಹೆಸರು ಇಡಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ನಮ್ಮ ಮನೆ ಕಡಗಂಚಿಯ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮಜ್ಜ ಶರಣಪ್ಪ ಪಾಟೀಲ. ಅಜ್ಜನ ಗಂಡುಮಕ್ಕಳು ಒಬ್ಬೊಬ್ಬರೂ ತಮ್ಮ ತಮ್ಮ ಹಿರಿಮಗನಿಗೆ ಶರಣಪ್ಪ ಎಂದೇ ಹೆಸರಿಟ್ಟರು. ಯಾರೂ ಹಿಂದೆ ಸರಿಯಲಿಲ್ಲ. ಸರಿದರೆ ಅಪ್ಪನ ಮೇಲೆ ಪ್ರೀತಿ ಕಡಿಮೆ ಎಂದಾಗುತ್ತಿತ್ತು, ಹೊಲದ ಪಾಲಿನ ಮಾತು ಇನ್ನೂ ಬಾಕಿ ಇತ್ತು. ಹೀಗಾಗಿ ಒಂದೇ ಪಡಸಾಲೆಯಲ್ಲಿ ನಾಲ್ವರು ಶರಣಪ್ಪ ಪಾಟೀಲರು ರೊಟ್ಟಿಗೆ ಕಿತ್ತಾಡುತ್ತಿದ್ದೆವು. ಇದನ್ನು ನೆಟ್ಟಗೆ ಮಾಡಿದವಳು ನಮ್ಮಜ್ಜಿ. ಅವಳು ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವವಳಲ್ಲ. ಮೊಮ್ಮಕ್ಕಳ ಹೆಸರೂ ಅದೇ ಆದದ್ದರಿಂದ ನಮ್ಮನ್ನೂ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಕರಿಯಾ, ಸುಂಬಳಾ, ಬೋಳ್ಯಾ ಎಂದು ಮೂವರಿಗೆ ಹೆಸರಿಟ್ಟಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ನೋಡುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಿಡ್ಡ್ಯಾ ಎಂದಳು. ಆಮೇಲೆ ನಮ್ಮ ಮನೆಯಲ್ಲಿ ಯಾರ ರೊಟ್ಟಿಯೂ ಯಾರ ತಾಟಿಗೂ ತಪ್ಪಿ ಬೀಳಲಿಲ್ಲ.

ನೌಕರಿ ಸಿಕ್ಕಾಗ ಈ ಗಿಡ್ಡತನದಿಂದ ಬಿಡುಗಡೆಯಾಯಿತೆಂದುಕೊಂಡೆ. ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆ. ಬಸ್ಸಿಳಿದು ಟ್ರಂಕು ಹೊತ್ತುಕೊಂಡು ಹೋದರೆ ಅದೇ ಹೊತ್ತಿಗೆ ಇನ್ನೊಬ್ಬ, ತೆಂಗಿನ ಮರದಷ್ಟು ಎತ್ತರದವನು, ಹಾಜರಾಗಲು ಬಂದು ಬಾಗಿಲಲ್ಲಿ ನಿಂತಿದ್ದ. ಅಫಜಲಪುರ ತಾಲೂಕಿನವನು, ಗಾಣಗಾಪುರದ ಕಡೆಯವನು. 'ನಿಮ್ಮ ಹೆಸರು?' ಎಂದೆ. 'ಶರಣಪ್ಪ ಪಾಟೀಲರಿ' ಎಂದ. ನಾನು ಟ್ರಂಕು ಕೆಳಗಿಟ್ಟೆ. ಹುಟ್ಟಿದ ದಿನ ಕೇಳುವುದೇ ಬೇಡವಾಗಿತ್ತು, ಆದರೂ ಕೇಳಿದೆ. ಜೂನ್ ಒಂದು, ವರ್ಷವೂ ನನ್ನದೇ. ಆಳಂದದ ಕಡೆಯ ಒಬ್ಬ ಸೋಮಾರಿ, ಅಫಜಲಪುರದ ಕಡೆಯ ಇನ್ನೊಬ್ಬ ಸೋಮಾರಿ, ಒಬ್ಬರ ಮುಖ ಒಬ್ಬರು ನೋಡದೆಯೇ ನಮ್ಮಿಬ್ಬರನ್ನು ಅವಳಿಜವಳಿ ಮಾಡಿಟ್ಟಿದ್ದರು. ಮರುದಿನ ಬೆಳಿಗ್ಗೆ ಹುಡುಗರು ಅವನನ್ನು ಉದ್ದ ಸರ ಎಂದೂ ನನ್ನನ್ನು ಗಿಡ್ಡ ಸರ ಎಂದೂ ಕರೆಯತೊಡಗಿದರು. ಊರವರೂ ಹಾಗೆಯೇ ಕರೆದರು. ನನ್ನ ಹೆಂಡತಿಯನ್ನು, ಪಾಪ, ಅವಳು ನನಗಿಂತ ಗೇಣುದ್ದ ಎತ್ತರ, ಗಿಡ್ಡ ಬಾಯಾರು ಎಂದರು. ಅವಳು ಅದನ್ನು ಇಂದಿಗೂ ನನ್ನ ತಲೆಗೇ ಕಟ್ಟುತ್ತಾಳೆ.

ವರ್ಷಗಳು ಹೀಗೇ ಹೋದವು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಮ್ಮ ಹೆಡ್ ಮಾಸ್ತರರು ನಿವೃತ್ತಿಯ ಹೊಸ್ತಿಲಿಗೆ ಬಂದರು. ಅವರ ಜಾಗಕ್ಕೆ ನಮ್ಮಿಬ್ಬರಲ್ಲಿ ಯಾರು ಹಿರಿಯರೋ ಅವರು. ನಮ್ಮ ಶಾಲೆಯಲ್ಲಿ ಹಿಡಿಕೆ ಇರುವ ಕುರ್ಚಿ ಒಂದೇ ಇತ್ತು, ಬೆನ್ನಿಗೆ ಹೂವಿನ ಟವೆಲ್ ಹೊದಿಸಿಕೊಂಡು ಅದು ಹೆಡ್ ಮಾಸ್ತರರ ಕೋಣೆಯಲ್ಲಿ ಕೂತಿತ್ತು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನನಗೆ ಆ ಕುರ್ಚಿ ಬೇಕಾಗಿತ್ತು. ಸಂಬಳದಲ್ಲಿ ಹೇಳಿಕೊಳ್ಳುವಂಥ ಹೆಚ್ಚಳವೇನೂ ಇರಲಿಲ್ಲ, ಕಿರಿಕಿರಿ ಮಾತ್ರ ಬೇಕಾದಷ್ಟಿತ್ತು. ಆದರೆ ಒಂದು ಶಾಲೆಗೆ ಒಬ್ಬನೇ ಹೆಡ್ ಮಾಸ್ತರ. ಉದ್ದ, ಗಿಡ್ಡ, ಕರಿ, ಬಿಳಿ ಎಂದು ಬಾಲ ಹಚ್ಚಬೇಕಾಗಿಲ್ಲ. ಹುಟ್ಟಿದಾಗಿನಿಂದ ನಾಲ್ವರಲ್ಲಿ ಒಬ್ಬ, ಇಬ್ಬರಲ್ಲಿ ಒಬ್ಬ ಆಗಿ ಬದುಕಿದವನಿಗೆ ಒಬ್ಬನೇ ಆಗುವ ಆಸೆ ಹೇಗಿರುತ್ತದೆಂದು ಒಂಟಿ ಹೆಸರಿನವರಿಗೆ ತಿಳಿಯುವುದಿಲ್ಲ.

ಅದೇ ಹೊತ್ತಿಗೆ ಗುಲ್ಬರ್ಗಾದ ಶಿಕ್ಷಣ ಇಲಾಖೆಯ ಕಚೇರಿಗೆ ಕಂಪ್ಯೂಟರ್ ಬಂತು. ಮೊದಲಾದರೆ ಹಿರಿತನದ ಪಟ್ಟಿಯನ್ನು ಒಬ್ಬ ಹೆಡ್ ಕ್ಲರ್ಕ್ ಬರೆಯುತ್ತಿದ್ದ. ಇಬ್ಬರು ಒಂದೇ ದಿನ ಸೇರಿದವರಿದ್ದರೆ ಯಾರು ಅವನಿಗೆ ಚಹಾ ಕುಡಿಸಿದ್ದರೋ ಅವರು ಮೇಲೆ. ಅದು ಅನ್ಯಾಯವೇ, ಆದರೆ ತಿಳಿಯುವಂಥ ಅನ್ಯಾಯ. ಈಗ ಬಂದ ಕಂಪ್ಯೂಟರಿಗೆ ಒಂದು ಕೋಣೆ, ಕೋಣೆಗೆ ಪರದೆ, ಗೋಡೆಗೆ ತಂಪು ಗಾಳಿಯ ಯಂತ್ರ. ಸಾಹೇಬರಿಗೆ ಫ್ಯಾನೂ ನೆಟ್ಟಗೆ ತಿರುಗುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಜೋರಾಗಿ ಮಾತಾಡಬಾರದು, ಏನನ್ನೂ ಮುಟ್ಟಬಾರದು. ತೆಂಗಿನಕಾಯಿ ಒಡೆಸುವುದೊಂದು ಬಾಕಿ. ಅದರ ಪೂಜಾರಿ ಚನ್ನವೀರ ಎಂಬಾತ, ಹಿಂದೆ ಅದೇ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವನು. ಹೈದರಾಬಾದಿಗೆ ಹೋಗಿ ಏನೋ ಕೋರ್ಸು ಮಾಡಿ ಬಂದ ಮೇಲೆ ಅವನು ಸಾಹೇಬರು ಕರೆದರೂ ಮೊದಲ ಕರೆಗೆ ಏಳುತ್ತಿರಲಿಲ್ಲವಂತೆ.

ಮೊದಲ ಪಟ್ಟಿ ಬಂತು. ಉದ್ದ ಸರ ಮೇಲೆ, ನಾನು ಅವನ ಕೆಳಗೆ. ಇಬ್ಬರದೂ ಒಂದೇ ಹೆಸರಾದ್ದರಿಂದ ಮೊದಲು ಇಬ್ಬರೂ ಖುಷಿಪಟ್ಟೆವು. ಆಮೇಲೆ ಊರಿನ ಹೆಸರು ನೋಡಿ ನಾನು ನಿಲ್ಲಿಸಿದೆ. ಮರುದಿನವೇ ಗುಲ್ಬರ್ಗಾದ ಬಸ್ಸು ಹತ್ತಿ ಹೋಗಿ, ಚಪ್ಪಲಿ ಬಿಟ್ಟು, ಚನ್ನವೀರನ ಮುಂದೆ ನಿಂತೆ.

'ಇವರು ಮ್ಯಾಲ, ನಾ ತೆಳಗ. ಇದ್ಯಾವ ನ್ಯಾಯರಿ?'

'ಕಂಪ್ಯೂಟರ್ ಸೇರಿದ ತಾರೀಖು ನೋಡತೈತ್ರಿ ಸರ. ಅದು ಒಂದೇ ಇತ್ತಂದ್ರ ಹುಟ್ಟಿದ ತಾರೀಖು. ಅದೂ ಒಂದೇ ಇತ್ತಂದ್ರ ಹೆಸರು. ನಿಮ್ಮಿಬ್ಬರದೂ ಮೂರೂ ಒಂದೇ ಐತಿ. ಮೂರೂ ಒಂದಾದ ಮ್ಯಾಲ ಅದಕ್ಕ ನೀವ್ಯಾರೋ, ಅವರ್ಯಾರೋ. ಮೊದಲ ಯಾರನ್ನ ಹಾಕೇನಿ ಅವರು ಮುಂದ, ಆಮ್ಯಾಲ ಹಾಕಿದವರು ಹಿಂದ.'

'ಮತ್ತ ಅವರನ್ನ ಮೊದಲ ಯಾಕ ಹಾಕಿದ್ರಿ?'

ಚನ್ನವೀರ ನನ್ನನ್ನು ಕನಿಕರದಿಂದ ನೋಡಿದ. 'ಅವರ ಕಾಗದ ಮ್ಯಾಲಿತ್ರಿ' ಎಂದ.

ನೋಡಿ, ಇದು ವಿಜ್ಞಾನ. ಪರದೆ, ತಂಪು ಗಾಳಿ, ಹೈದರಾಬಾದಿನ ಕೋರ್ಸು, ಇಷ್ಟೆಲ್ಲದರ ಕೊನೆಗೆ ಒಬ್ಬ ಮನುಷ್ಯನ ಹಿರಿತನ ತೀರ್ಮಾನವಾಗುವುದು ಕಾಗದದ ಕಟ್ಟಿನಲ್ಲಿ ಯಾವುದು ಮೇಲಿತ್ತು ಎನ್ನುವುದರ ಮೇಲೆ. ಗಿಡ್ಡನೋ ಉದ್ದನೋ ಎಂದು ನೋಡುವಷ್ಟು ಬುದ್ಧಿಯೂ ಅದಕ್ಕಿಲ್ಲ. ಅಕ್ಷರ ಬಾರದ ನಮ್ಮಜ್ಜಿ ಅದರ ಜಾಗದಲ್ಲಿ ಕೂತಿದ್ದರೆ ಒಂದು ಗಳಿಗೆಯಲ್ಲಿ ಇಬ್ಬರನ್ನೂ ಬೇರೆ ಮಾಡಿ ಕೈಗೆ ರೊಟ್ಟಿ ಕೊಟ್ಟು ಕಳಿಸುತ್ತಿದ್ದಳು. ಹಾಗೆಂದು ಬೈದುಕೊಳ್ಳುತ್ತಾ ಊರಿಗೆ ಬಂದೆ. ಉದ್ದ ಸರ ಅಷ್ಟರಲ್ಲಿ ಊರ ಟೇಲರ್ ಹತ್ತಿರ ಹೊಸ ಸಫಾರಿಗೆ ಅಳತೆ ಕೊಟ್ಟಿದ್ದ.

ಅವನಲ್ಲಿ ಒಂದು ದೋಷವಿತ್ತು, ಬಿ.ಎ. ಮನೆಯಲ್ಲೇ ಓದಿ ಬಹಳ ಸಲ ಕೂತು ಪಾಸು ಮಾಡಿದ್ದು. ಕೊಡೆಯ ಮೇಲೆ, ಟಿಫಿನ್ ಡಬ್ಬಿಯ ಮೇಲೆ, ಸೈಕಲ್ಲಿನ ಮಡ್‌ಗಾರ್ಡಿನ ಮೇಲೆ ಎಸ್. ಪಾಟೀಲ ಬಿ.ಎ. ಎಂದು ಬರೆಸಿದ್ದ. ಪಟ್ಟಿಯಲ್ಲಿ ಓದಿನ ಜಾಗದಲ್ಲಿ ಬಿ.ಎ. ಇಲ್ಲದಿರುವುದು ಅವನ ಕಣ್ಣಿಗೆ ಬಿತ್ತು. ತಾನಾಗಿಯೇ ಗುಲ್ಬರ್ಗಾಕ್ಕೆ ಹೋದ, ಚನ್ನವೀರನಿಂದ ಅದನ್ನು ಬರೆಸಿಕೊಂಡು ಬಂದ. ಮುಂದಿನ ಪಟ್ಟಿ ಬಂದಾಗ ಬಿ.ಎ. ಇತ್ತು, ಆದರೆ ಅದು ನನ್ನ ಕೆಳಗಿತ್ತು. ಏಕೆ ಹೀಗಾಯಿತೆಂದು ನಾನು ಕೇಳಲು ಹೋಗಲಿಲ್ಲ. ಅನ್ಯಾಯವಾದರೆ ಕಾರಣ ಹುಡುಕಬೇಕು, ನ್ಯಾಯವಾದರೆ ಸುಮ್ಮನೆ ತೆಗೆದುಕೊಳ್ಳಬೇಕು. ಕಂಪ್ಯೂಟರು ತನ್ನ ತಪ್ಪು ತಾನೇ ತಿದ್ದಿಕೊಂಡಿದೆ, ಹೊಸ ಕಾಲದ ಯಂತ್ರವನ್ನು ನಾವು ಸುಮ್ಮನೆ ಹಳಿಯಬಾರದು ಎಂದು ಶಿಕ್ಷಕರ ಕೋಣೆಯಲ್ಲಿ ಭಾಷಣ ಮಾಡಿ ಪೇಡೆ ಹಂಚಿದೆ.

ಪೇಡೆ ಬಾಯಲ್ಲಿಟ್ಟುಕೊಂಡೇ ಉದ್ದ ಸರ ಪಟ್ಟಿಯ ಮೇಲೆ ಬೆರಳಿಟ್ಟ. 'ಅಭಿನಂದನೆಗಳು ಅಕ್ಕಾರ' ಎಂದ. ಬಗ್ಗಿ ನೋಡಿದೆ. ಈ ಸಲದ ಪಟ್ಟಿಯಲ್ಲಿ ಎಲ್ಲರ ಹೆಸರಿಗೆ ಮೊದಲು ಶ್ರೀ, ಶ್ರೀಮತಿ ಎಂದು ಅಚ್ಚಾಗಿತ್ತು. ನಾನು ಶ್ರೀಮತಿ ಶರಣಪ್ಪ ಪಾಟೀಲ. ಕೋಣೆಯಲ್ಲಿ ನಗು ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಊರಿನ ಹೋಟೆಲಿನಲ್ಲಿ ನನಗೆ 'ಬಾಯಾರಿಗೊಂದು ಚಹಾ' ಎಂದು ಕೂಗುತ್ತಿದ್ದರು.

'ಹ್ವಾದ್ರ ಹೋಗಲಿ ಬಿಡ್ರಿ' ಎಂದಳು ಹೆಂಡತಿ. 'ಮ್ಯಾಲ ಇದ್ದೀರಲ್ಲ, ಸುಮ್ಮನ ಕೂಡ್ರಿ. ಶ್ರೀಮತಿ ಅಂದ್ರ ಏನು ಸೀರಿ ಉಡಾಕ ಹೇಳ್ಯಾರೇನು? ಕುರ್ಚಿ ಸಿಕ್ಕ ಮ್ಯಾಲ ತಿದ್ದಿಸ್ಕೋರಿ.'

ಆಕೆಯ ಮಾತು ಕೇಳಬೇಕಿತ್ತು. ಆದರೆ ಮುಂದೆ ಹೆಡ್ ಮಾಸ್ತರನಾಗುವವನು ಶ್ರೀಮತಿಯಾಗಿ ಎಷ್ಟು ದಿನ ಇರುವುದು? ಗುಲ್ಬರ್ಗಾಕ್ಕೆ ಹೋದೆ, ಚಪ್ಪಲಿ ಬಿಟ್ಟೆ, ಚನ್ನವೀರ ಟಕಟಕ ಬಡಿದು ಶ್ರೀ ಮಾಡಿಕೊಟ್ಟ. ಹೊಸ ಕಾಗದ ಅಚ್ಚಾಗಿ ಬಂತು. ನಾನು ಗಂಡಸಾಗಿದ್ದೆ, ಮತ್ತು ಉದ್ದ ಸರನ ಕೆಳಗಿದ್ದೆ.

'ಚನ್ನವೀರಪ್ಪಾ, ಇದೇನೋ ಇದು!' ಎಂದು ಬಹುವಚನ ಮರೆತು ಕೂಗಿದೆ.

'ನೀವ ತಿದ್ದಸ್ರಿ ಅಂದ್ರಿ, ತಿದ್ದೇನಿ. ಇದರಾಗ ತಿದ್ದೂದಂದ್ರ ಹಳೇದು ಅಳಿಸಿ ಹೊಸದಾಗಿ ಹಾಕೂದರಿ. ಹೊಸದಾಗಿ ಬಂದವರು ತಮ್ಮಂಥವರು ಎಷ್ಟು ಮಂದಿ ಇದ್ದಾರ, ಅವರೆಲ್ಲರ ಹಿಂದ ನಿಲ್ಲಬೇಕು. ಹ್ವಾದ ಸಲ ಅವರು ತಿದ್ದಿಸ್ಯಾರ, ಅವರು ಹಿಂದ ಬಿದ್ದಾರ. ಈ ಸಲ ನೀವು ಬಿದ್ದೀರಿ. ಕಂಪ್ಯೂಟರ್ ತಪ್ಪು ಮಾಡೂದಿಲ್ರಿ ಸರ.'

ಇಂಥ ಮಾತಿಗೆ ಏನು ಹೇಳುತ್ತೀರಿ? ತಪ್ಪು ಬರೆದವನು ಅವನು, ತಪ್ಪನ್ನು ತೋರಿಸಿದ್ದಕ್ಕೆ ಶಿಕ್ಷೆ ನನಗೆ. ಯಾವನು ತನ್ನ ಹೆಸರು ಹಾಳಾಗಿದ್ದರೂ ಬಾಯಿ ಮುಚ್ಚಿಕೊಂಡು ಕೂರುತ್ತಾನೋ ಅವನು ಮುಂದೆ, ಸರಿ ಮಾಡಿ ಎಂದವನು ಹಿಂದೆ. ಸರಕಾರಿ ಕಚೇರಿಯ ಗುಣವನ್ನು ಈ ಯಂತ್ರ ಇಷ್ಟು ಬೇಗ ಕಲಿತ ರೀತಿಗೆ ನಾನು ತಲೆದೂಗಿದೆ.

ತಲೆದೂಗಿ ಸುಮ್ಮನಾಗದೆ ಸಾಹೇಬರಿಗೆ ಅರ್ಜಿ ಕೊಟ್ಟೆ. ಉದ್ದ ಸರನೂ ಕೊಟ್ಟ. ಸಾಹೇಬರು ಇಬ್ಬರನ್ನೂ ಕರೆಸಿದರು. ಎದುರಿಗೆ ನಿಲ್ಲಿಸಿಕೊಂಡು ಒಬ್ಬನನ್ನು ನೋಡಲು ಕತ್ತು ಎತ್ತಿ, ಇನ್ನೊಬ್ಬನನ್ನು ನೋಡಲು ಕತ್ತು ಇಳಿಸಿ ಸುಸ್ತಾದರು.

'ಖರೆ ಖರೆ ಹೇಳ್ರಿ. ನಿಮ್ಮಿಬ್ಬರೊಳಗ ದೊಡ್ಡಾವ ಯಾರು? ಜೂನ್ ಒಂದು ಬಿಡ್ರಿ, ನಂದೂ ಜೂನ್ ಒಂದ. ಮನ್ಯಾಗ ಅವ್ವಗ ಕೇಳಿಕೊಂಡು ಬರ್ರಿ. ಅದರ ಮ್ಯಾಲ ತೀರಸೂಣು.'

ಇದು ನ್ಯಾಯವಾದ ಮಾತು. ಭಾನುವಾರ ಊರಿಗೆ ಹೋದೆ. ಅವ್ವ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

'ಯವ್ವಾ, ನಾ ಎಂದ ಹುಟ್ಟೇನಿ?'

'ಈಗ್ಯಾಕಪಾ ಅದು? ಮತ್ತೊಂದು ಮದುವಿ ಮಾಡ್ಕೊಳಾಕತ್ತಿಯೇನು?'

'ಹೇಳಬೇ.'

'ಎಳ್ಳಮಾಸಿ ದಿನ. ಎಲ್ಲಾರೂ ಭೂಮಿತಾಯಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗಿದ್ರು, ನಾ ಒಬ್ಬಾಕೀನ ಮನ್ಯಾಗ. ಮಾಡಿಟ್ಟ ಕಡುಬು ಒಂದೂ ಬಾಯಾಗ ಇಡಲಿಲ್ಲ ನಿನ್ನ ಸಲುವಾಗಿ. ರಜಾಕಾರರ ಗದ್ದಲ ಮುಗದ ಮರುವರ್ಷ.' ಇಷ್ಟು ವರ್ಷದ ಮೇಲೂ ಆ ಕಡುಬಿನ ಸಿಟ್ಟು ಅವಳ ದನಿಯಲ್ಲಿತ್ತು.

ಇಷ್ಟು ಸ್ಪಷ್ಟವಾದ ದಿನ ನನ್ನ ಅವ್ವನ ಹತ್ತಿರ ಇತ್ತು, ಯಾವ ಮಾಸ್ತರನೂ ಅವಳನ್ನು ಕೇಳಿರಲಿಲ್ಲ. ಆ ಖುಷಿಯಲ್ಲೇ ಸೋಮವಾರ ಕಚೇರಿಗೆ ಹೋದರೆ ಉದ್ದ ಸರ ನನಗಿಂತ ಮೊದಲೇ ಬಂದು ಕೂತಿದ್ದ. ಅವನು ಹುಟ್ಟಿದ್ದು ದತ್ತ ಜಯಂತಿಯ ದಿನವಂತೆ. ವರ್ಷ? ರಜಾಕಾರರ ಗದ್ದಲ ಮುಗಿದ ಮರುವರ್ಷ. ದತ್ತ ಜಯಂತಿ ಹುಣ್ಣಿಮೆಗೆ, ಎಳ್ಳಮಾಸಿ ಅದರ ಮುಂದಿನ ಅಮಾವಾಸ್ಯೆಗೆ. ಬರೀ ಒಂದು ಪಕ್ಷದ ಅಂತರದಲ್ಲಿ ಅವನು ದೊಡ್ಡವನು.

ಸಾಹೇಬರು ಮೇಜಿನ ಮೇಲಿನ ಕ್ಯಾಲೆಂಡರ್ ತಿರುವಿದರು. 'ಶಾಬಾಸ್. ಹಂಗಾರ ನಿಮ್ಮ ಹುಟ್ಟಿದ ತಾರೀಖು ಇಬ್ಬರದೂ ತಿದ್ದಿಸಿಬಿಡೂಣು. ದಾಖಲಾದಾಗಿನ ಜೂನ್ ಒಂದು ಇದರ ಮುಂದಿನ ವರ್ಷದ್ದು. ಅಂದ್ರ ನೀವು ಇಬ್ಬರೂ ಕಾಗದದಾಗ ಇದ್ದದ್ದಕ್ಕಿಂತ ಮೊದಲ ರಿಟೈರ್ ಆಗಬೇಕಾಗತೈತಿ, ಏನ್ರಿ?'

ಉದ್ದ ಸರ ಮೊದಲು ಬಾಯಿ ಬಿಟ್ಟ. 'ನಮ್ಮವ್ವಗ ವಯಸ್ಸಾಗೇತ್ರಿ, ಅಕೀ ಮಾತು ಏನು ಹಿಡೀತೀರಿ' ಎಂದ. 'ಎಳ್ಳಮಾಸಿಗೆ ಹುಟ್ಟಿದಾಂವ ನಮ್ಮ ತಮ್ಮ ಇರಬೇಕ್ರಿ' ಎಂದೆ ನಾನು. ಹಿರಿಯನಾಗಲು ಬಸ್ಸಿನ ಚಾರ್ಜು ಕೊಟ್ಟುಕೊಂಡು ಬಂದಿದ್ದ ಇಬ್ಬರೂ ಸಾಹೇಬರ ಮುಂದೆ ನಾ ಸಣ್ಣವ, ನಾ ಸಣ್ಣವ ಎಂದು ಹಟ ಹಿಡಿದೆವು. ನನ್ನ ಮೈಕಟ್ಟು ಆ ಹೊತ್ತಿಗೆ ನನ್ನ ಪರವಾಗಿ ಸಾಕ್ಷಿ ಹೇಳಿತು. ಸಾಹೇಬರು ಕೈ ಮುಗಿದರು. 'ಹೊರಗ ನಡೀರಿ. ಹೆಡ್ ಮಾಸ್ತರ ರಿಟೈರ್ ಆಗೂ ದಿನ ಕಂಪ್ಯೂಟರ್ ಏನು ಹೊಡೀತೈತಿ, ಅದ ಖಾಯಂ. ಅಲ್ಲೀ ತನಕ ತಿದ್ದಸಾಕ ಯಾರರ ಬಂದ್ರ ಕಾಲು ಮುರೀತೇನಿ' ಎಂದರು.

ಇನ್ನು ಮಾಡುವುದೇನೂ ಉಳಿಯಲಿಲ್ಲ. ಉದ್ದ ಸರ ಮುಂದಿದ್ದ, ನಾನು ಹಿಂದಿದ್ದೆ, ತಿದ್ದಿಸುವಂತಿಲ್ಲ. ಅವನ ಸಫಾರಿ ಹೊಲಿದು ಬಂತು. ನಾನು ಶಾಲೆಗೆ ಹೋಗುವಾಗ ಹೆಡ್ ಮಾಸ್ತರರ ಕೋಣೆಯ ಕಡೆ ನೋಡುವುದನ್ನು ಬಿಟ್ಟೆ. ಉಣ್ಣುವಾಗ ಹೆಂಡತಿ 'ಶ್ರೀಮತಿನ ಚಲೋ ಇತ್ತು' ಎಂದಳು. ನಿಜ ಹೇಳಬೇಕೆಂದರೆ ನನಗೆ ಅಳು ಬಂದಿತ್ತು. ಒಂದು ಕುರ್ಚಿಗೆ ಅತ್ತವನೆಂದು ಅವಳಿಗೆ ತಿಳಿಯಬಾರದೆಂದು ಖಾರ ಜಾಸ್ತಿಯಾಯಿತೆಂದು ಜಗಳ ತೆಗೆದೆ.

ಹೆಡ್ ಮಾಸ್ತರರು ನಿವೃತ್ತರಾಗುವ ದಿನ ಕಾಗದ ಬಂತು. ನಾನು ಮೇಲಿದ್ದೆ! ಊರಿನ ಹೆಸರನ್ನು ಮೂರು ಸಲ ಓದಿಕೊಂಡೆ, ಕಡಗಂಚಿಯ ಪಕ್ಕದ್ದೇ. ಉದ್ದ ಸರ ಸಫಾರಿಯಲ್ಲೇ ಬಸ್ಸು ಹತ್ತಿ ಗುಲ್ಬರ್ಗಾಕ್ಕೆ ಓಡಿದ. ಚನ್ನವೀರ ಅವನಿಗೆ ಹೇಳಿದ್ದನ್ನು ಅವನೇ ಆಮೇಲೆ ನನಗೆ ಹೇಳಿದ. ಹಿಂದಿನ ದಿನ ಪಟ್ಟಿ ಹೊಡೆಯುವಾಗಲೇ ಕರೆಂಟು ಹೋಗಿ ಸಾಲೆಲ್ಲ ಕೆಟ್ಟಿತಂತೆ. ಚನ್ನವೀರ ಅದನ್ನು ಯಂತ್ರದ ಕೈಯಿಂದಲೇ ಮೊದಲಿನಿಂದ ಕಟ್ಟಿಸಿದನಂತೆ. ಹಾಗೆ ಹೊಸದಾಗಿ ಕಟ್ಟುವಾಗ ಒಂದೇ ಥರದವರಲ್ಲಿ ಯಾರು ಮೊದಲು ಬಂದರು ಎನ್ನುವುದು ಅದಕ್ಕೆ ನೆನಪಿರುವುದಿಲ್ಲ, ಯಾರು ಎಲ್ಲಿ ಕೂತಿದ್ದಾರೆ ಎಂದಷ್ಟೇ ಮುಂದಿನಿಂದ ಎಣಿಸಿಕೊಂಡು ಹೋಗುತ್ತದೆ. ನಮ್ಮ ಜೇವರ್ಗಿ ಬಸ್ಸಿನ ಹಾಗೆ: ಹತ್ತಿದ್ದು ಕೊನೆಗಾದರೂ ಕಿಟಕಿಯಿಂದ ಟವೆಲ್ ಒಗೆದವನಿಗೆ ಮುಂದಿನ ಸೀಟು. ನನ್ನನ್ನು ಶ್ರೀಮತಿಯಿಂದ ಶ್ರೀ ಮಾಡಿದ ದಿನ, ನಿವೃತ್ತನಾದ ಯಾರೋ ಡ್ರಿಲ್ ಮಾಸ್ತರನ ಹೆಸರು ಅಳಿಸಿ ಮುಂದೆ ಒಂದು ಜಾಗ ಖಾಲಿ ಬಿದ್ದಿತ್ತಂತೆ. ಯಂತ್ರ ನನ್ನನ್ನು ಅದರೊಳಗೆ ತುರುಕಿತ್ತು. ಸಾಲಿನಲ್ಲಿ ಹಿಂದಿದ್ದರೂ ನಾನು ಸೀಟಿನಲ್ಲಿ ಮುಂದಿದ್ದೆ, ನನಗೇ ಗೊತ್ತಿರಲಿಲ್ಲ.

ಹೀಗೆ ನನ್ನ ಯೋಗ್ಯತೆಯಿಂದ ನಾನು ಹೆಡ್ ಮಾಸ್ತರನಾದೆ. ಹಿಡಿಕೆಯ ಕುರ್ಚಿಯಲ್ಲಿ ಕೂತೆ, ಕಾಲು ನೆಲಕ್ಕೆ ಮುಟ್ಟಲಿಲ್ಲ, ಒಂದು ಮಣೆ ತರಿಸಿ ಕೆಳಗೆ ಇಟ್ಟುಕೊಂಡೆ. ವಿಜ್ಞಾನದ ಮುಂದೆ ಚಹಾ ಕುಡಿಸುವ ಆಟ ನಡೆಯುವುದಿಲ್ಲ ಎಂದು ಸಿಕ್ಕ ಸಿಕ್ಕವರಿಗೆಲ್ಲ ಹೇಳಿದೆ. ಎರಡನೆಯ ದಿನ ಗೋಡೆಯಾಚೆ ಇಬ್ಬರು ಹುಡುಗರು ಮಾತಾಡುತ್ತಿದ್ದರು. 'ಲೇ, ಗಿಡ್ಡ ಹೆಡ್ ಮಾಸ್ತರ ಬಂದ್ರಲೇ' ಎಂದ ಒಬ್ಬ. ಶಾಲೆಗೆ ಒಬ್ಬನೇ ಹೆಡ್ ಮಾಸ್ತರ, ಬೇರೆ ಮಾಡಿ ಕರೆಯುವ ಅಗತ್ಯವೇ ಇಲ್ಲ. ಆದರೂ ಕರೆದರು.

ಆ ವರ್ಷದ ಜೂನ್ ತಿಂಗಳಲ್ಲಿ ದಾಖಲಾತಿ ಶುರುವಾಯಿತು. ಕೋಣೆಯ ಹೊರಗೆ ಬಿಸಿಲಲ್ಲಿ ಅಪ್ಪಂದಿರ ಸಾಲು, ಒಳಗೆ ಸೆಕೆ, ಮೇಜಿನ ಮೇಲೆ ನನ್ನ ಚಹಾ ಆರುತ್ತಿತ್ತು. ಕೊಳಕೂರ ಕಡೆಯಿಂದ ಬಂದು ನಮ್ಮೂರಲ್ಲಿ ಹೊಲ ಮಾಡಿಕೊಂಡಿದ್ದ ಅಣ್ಣತಮ್ಮಂದಿರಿಬ್ಬರು ಒಳಗೆ ಬಂದರು. ಇಬ್ಬರ ಕೈಯಲ್ಲೂ ಒಂದೊಂದು ಹುಡುಗ.

'ಹೆಸರು?'

'ಮಲ್ಲಪ್ಪರಿ' ಎಂದ ಅಣ್ಣ. 'ಇವನೂ ಮಲ್ಲಪ್ಪನರಿ. ನಮ್ಮಪ್ಪನ ಹೆಸರು' ಎಂದ ತಮ್ಮ.

'ಎಂದ ಹುಟ್ಟ್ಯಾರ?'

'ನಮ್ಮಾಂವ ಜ್ವಾಳ ಕೊಯ್ಯೂ ಮುಂದರಿ' ಎಂದ ಅಣ್ಣ. 'ನಮ್ಮಾಂವ ತೊಗರಿ ಬಿತ್ತೂ ಮುಂದರಿ. ಖರೆ ದಿನ ಮನ್ಯಾಗ ನಮ್ಮವ್ವಗ ಗೊತ್ತೈತ್ರಿ. ಕೇಳಿಕೊಂಡು ಬರಲೇನ್ರಿ?' ಎಂದ ತಮ್ಮ.

ನಾನು ಹೊರಗಿನ ಸಾಲು ನೋಡಿದೆ, ಚಹಾ ನೋಡಿದೆ. ಹುಡುಗರಿಬ್ಬರಿಗೂ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಕಿವಿ ಹಿಡಿಯಲು ಹೇಳಿದೆ. ಹಿಡಿದರು. ಪೆನ್ನು ಎತ್ತಿಕೊಂಡು ಮಲ್ಲಪ್ಪ, ಜೂನ್ ಒಂದು ಎಂದು ಬರೆದೆ. ಅದರ ಕೆಳಗೆ ಮಲ್ಲಪ್ಪ, ಜೂನ್ ಒಂದು ಎಂದು ಬರೆದೆ. ತಲೆ ಎತ್ತಿದರೆ ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಂಡು ಉದ್ದ ಸರ ನಿಂತಿದ್ದ, ಎಲ್ಲವನ್ನೂ ನೋಡಿದ್ದ.

'ಹೆಡ್ ಮಾಸ್ತರ, ಇವರೊಳಗ ಮೊದಲ ಯಾರನ್ನ ಬರದ್ರಿ?' ಎಂದ.

'ಮೇಜಿನ ಹತ್ತರ ನಿಂತಾನಲ್ಲ, ಅವನ್ನ' ಎಂದು ಹೇಳಿ ನಾನು ಚಹಾ ಕುಡಿದೆ.